ಹಸುರು ಚಹವೂ ಕೊರೋನಾ ವಿಷಾಣುವೂ

ಜಯನಗರ, ಬನಶಂಕರಿ ಮೊದಲಾದ ನಮ್ಮ ಬಡಾವಣೆಗಳ ತಾಯಂದಿರಿಗೆ ೨೦೨೦ನೆಯ ಇಸವಿಯ ನೆನಪು ಇನ್ನೂ ಮಾಸಿರಲಾರದು. ಆ ವರ್ಷ ಮಾರ್ಚಿ ೨೫ನೆಯ ತಾರೀಖಿನಿಂದ ದೇಶವೆಲ್ಲ ಬಾಗಿಲು ಮುಚ್ಚಿಕೊಂಡಿತು. ಮಕ್ಕಳು ಶಾಲೆಯನ್ನು ಬಿಟ್ಟು ಕಿಟಕಿಯಿಂದ ಬೀದಿಯನ್ನು ನೋಡುತ್ತ ಕುಳಿತರು. ಆಗ ಅಡಿಗೆಯ ಮನೆಯೇ ಔಷಧಾಲಯವಾಯಿತು. ಶುಂಠಿ, ಮೆಣಸು, ತುಳಸಿ, ಅಮೃತಬಳ್ಳಿಗಳ ಕಷಾಯದ ಪಕ್ಕದಲ್ಲಿ ಹಸುರು ಚಹದ ಪೊಟ್ಟಣವೂ ಬಂದು ಸೇರಿತು. ಇದನ್ನು ಕುಡಿದವರಿಗೆ ಕೊರೋನಾ ಬಾರದಂತೆ ಎಂಬ ಮಾತು ಬಾಯಿಂದ ಬಾಯಿಗೆ ಹರಡಿತು. ಆ ಮಾತಿನಲ್ಲಿ ಸತ್ಯವೆಷ್ಟು, ಆಸೆಯೆಷ್ಟು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಹಸುರು ಚಹವು ಬೇರೊಂದು ಗಿಡದ ಎಲೆಯಲ್ಲ. ನೀಲಗಿರಿಯಲ್ಲಿಯೂ ಚಿಕ್ಕಮಗಳೂರಿನ ಕೆಲವು ತೋಟಗಳಲ್ಲಿಯೂ ಬೆಳೆಯುವ ಚಹದ ಗಿಡದಿಂದಲೇ ಇದೂ ಬರುವುದು. ಕೊಯ್ದ ಎಲೆಯನ್ನು ಹೊಸಕಿ ಗಾಳಿಗೆ ಬಿಟ್ಟರೆ, ಎಲೆಯೊಳಗಿನ ಒಂದು ಕಿಣ್ವದ ಕ್ರಿಯೆಯಿಂದ ಅದು ಕಪ್ಪಾಗುವುದು. ನಾವು ಹಾಲು ಸಕ್ಕರೆ ಬೆರಸಿ ಕುಡಿಯುವ ಚಹ ಅದೇ. ಕೊಯ್ದ ಎಲೆಯನ್ನು ಬೇಗನೆ ಹಬೆಯಲ್ಲಿ ಬೇಯಿಸಿ, ಇಲ್ಲವೆ ಬಾಣಲೆಯಲ್ಲಿ ಹುರಿದು ಆ ಕಿಣ್ವವನ್ನು ಅಡಗಿಸಿದರೆ ಎಲೆಯ ಹಸುರು ಉಳಿಯುವುದು. ಅದರೊಡನೆ ಕ್ಯಾಟೆಚಿನ್ ಎಂಬ ಒಗರು ವಸ್ತುಗಳೂ ಹೆಚ್ಚಾಗಿ ಉಳಿಯುವುವು. ಇವುಗಳಲ್ಲಿ ಮುಖ್ಯವಾದುದನ್ನು ರಸಾಯನ ಶಾಸ್ತ್ರಜ್ಞರು ಸಂಕ್ಷೇಪವಾಗಿ ಇ.ಜಿ.ಸಿ.ಜಿ. ಎಂದು ಕರೆಯುವರು.

ಇನ್ನು ವಿಷಾಣುವಿನ ವಿಚಾರ. ಅದು ತಾನಾಗಿ ವೃದ್ಧಿಯಾಗಲಾರದು. ನಮ್ಮ ಜೀವಕೋಶವನ್ನು ಹೊಕ್ಕು, ಅಲ್ಲಿಯ ಸಾಮಗ್ರಿಯಿಂದಲೇ ತನಗೆ ಬೇಕಾದ ಪ್ರೋಟೀನುಗಳಲ್ಲಿ ಹಲವನ್ನು ಉದ್ದವಾದ ಸರದಂತೆ ಮಾಡಿಸಿಕೊಳ್ಳುವುದು. ದರ್ಜಿಯು ಬಟ್ಟೆಯನ್ನು ಕತ್ತರಿಸದೆ ರವಿಕೆ ಹೊಲಿಯಲಾರನಷ್ಟೆ? ಹಾಗೆಯೇ ಆ ಸರವನ್ನು ತುಂಡುಮಾಡದೆ ವಿಷಾಣುವಿನ ಕೆಲಸ ಸಾಗದು. ತುಂಡುಮಾಡುವ ಕತ್ತರಿಯೇ ಪ್ರೋಟಿಯೇಸ್ ಎಂಬ ಕಿಣ್ವ. ಇ.ಜಿ.ಸಿ.ಜಿ.ಯು ಈ ಕತ್ತರಿಯ ಬಾಯಿಗೆ ಸಿಕ್ಕಿಕೊಂಡು ಅದನ್ನು ತಡೆಯುವುದೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ.

ಈ ಶೋಧನೆಗೆ ಹಿಂದಿನ ಚರಿತ್ರೆಯೂ ಉಂಟು. ೨೦೦೨-೦೩ರಲ್ಲಿ ಹರಡಿದ ಸಾರ್ಸ್ ಎಂಬ ರೋಗಕ್ಕೂ ಒಂದು ಕೊರೋನಾ ವಿಷಾಣುವೇ ಕಾರಣ. ತೈವಾನಿನ ವಿಜ್ಞಾನಿಗಳು ೨೦೦೫ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಆ ವಿಷಾಣುವಿನ ಕತ್ತರಿಯನ್ನು ಹಸುರು ಚಹದ ಸಾರಕ್ಕಿಂತ ಕಪ್ಪು ಚಹದ ಸಾರವೇ ಬಲವಾಗಿ ತಡೆಯಿತು! ನಮಗೆ ಸಮೀಪದ ಉದಾಹರಣೆಯೂ ಇದೆ. ಮೈಸೂರಿನ ಜೆ.ಎಸ್.ಎಸ್. ಸಂಸ್ಥೆಗೆ ಸೇರಿದ ಉದಕಮಂಡಲದ ಫಾರ್ಮಸಿ ಕಾಲೇಜಿನಲ್ಲಿ ಡಾಕ್ಟರ್ ಸುರೇಶ್ ಮೋಹನ್‌ಕುಮಾರ್ ಮತ್ತು ಸಂಗಡಿಗರು ಅನೇಕ ನೈಸರ್ಗಿಕ ವಸ್ತುಗಳನ್ನು ಗಣಕಯಂತ್ರದ ಸಹಾಯದಿಂದ ಶೋಧಿಸಿದರು. ಹಸುರು ಚಹದಲ್ಲಿರುವ ಗ್ಯಾಲೊಕ್ಯಾಟೆಚಿನ್ ಎಂಬುದು ಅವರಿಗೆ ಭರವಸೆಯುಳ್ಳದ್ದಾಗಿ ತೋರಿತು. ೨೦೨೧ರಲ್ಲಿ ಇದನ್ನು ಪ್ರಕಟಿಸಿದಾಗ, ಇದು ಆರಂಭದ ಕೆಲಸ ಮಾತ್ರವೆಂದು ಅವರೇ ಎಚ್ಚರಿಸಿದರು.

ಈ ಎಚ್ಚರಿಕೆಗೆ ಕಾರಣವೇನು? ಗಾಜಿನ ಬಟ್ಟಲು ಬೇರೆ, ದೇಹ ಬೇರೆ. ಸಾಬೂನು ವಿಷಾಣುವಿನ ಕೊಬ್ಬಿನ ಹೊದಿಕೆಯನ್ನು ಒಡೆದುಹಾಕುವುದು. ಆದರೂ ಸಾಬೂನನ್ನು ಯಾರೂ ಕುಡಿಯುವುದಿಲ್ಲ. ನಾವು ಕುಡಿದ ಚಹದ ಇ.ಜಿ.ಸಿ.ಜಿ.ಯಲ್ಲಿ ಸ್ವಲ್ಪ ಭಾಗ ಮಾತ್ರ ಕರುಳಿನಿಂದ ರಕ್ತಕ್ಕೆ ಸೇರುವುದು; ಸೇರಿದುದೂ ಕೆಲವು ಗಂಟೆಗಳಲ್ಲಿ ಕರಗಿಹೋಗುವುದು. ಬಟ್ಟಲಿನ ಅನೇಕ ಪ್ರಯೋಗಗಳಲ್ಲಿ ಬಳಸಿದ ಪ್ರಮಾಣವಾದರೋ ಅದಕ್ಕಿಂತ ಹಲವು ಪಾಲು ಹೆಚ್ಚು. ಹಾಗಾದರೆ ಮಾತ್ರೆಯ ರೂಪದಲ್ಲಿ ಹೆಚ್ಚಾಗಿ ಸೇವಿಸಬಹುದಲ್ಲವೆ ಎಂದರೆ, ಅದರಲ್ಲಿಯೂ ಅಪಾಯವುಂಟು. ದಿನಕ್ಕೆ ೮೦೦ ಮಿಲಿಗ್ರಾಂ ಅಥವಾ ಹೆಚ್ಚು ಇ.ಜಿ.ಸಿ.ಜಿ.ಯನ್ನು ಮಾತ್ರೆಗಳಿಂದ ಸೇವಿಸಿದರೆ ಯಕೃತ್ತಿಗೆ ಹಾನಿಯಾಗಬಹುದೆಂದು ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆಯು ೨೦೧೮ರಲ್ಲಿ ತಿಳಿಸಿತು. ಊಟದೊಡನೆ ಚಹ ಕುಡಿದರೆ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶವು ದೇಹಕ್ಕೆ ಸರಿಯಾಗಿ ಸೇರದು. ರಕ್ತಹೀನತೆಯಿಂದ ಬಳಲುವ ಹೆಣ್ಣುಮಕ್ಕಳ ತಾಯಂದಿರು ಇದನ್ನು ಅವಶ್ಯವಾಗಿ ನೆನಪಿಡತಕ್ಕದ್ದು.

ಇಷ್ಟೆಲ್ಲ ಬರೆಯುವುದಕ್ಕೆ ಒಂದು ಕಾರಣವಿದೆ. ೨೦೨೧ರ ಮೇ ತಿಂಗಳಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರು ಜ್ವರ ಬಂದ ನಾಲ್ಕು ದಿನವೂ ಹಸುರು ಚಹವನ್ನು ಲೋಟಗಟ್ಟಲೆ ಕುಡಿದು, ಇಳಿಯುತ್ತದೆ, ಇಳಿಯುತ್ತದೆ ಎಂದು ಕಾದರು. ಐದನೆಯ ದಿನ ಅವರ ಮಗಳು, ನಮ್ಮ ಶಾಲೆಯಲ್ಲಿಯೇ ಓದಿದವಳು, ತಂದೆಯ ಬೆರಳಿಗೆ ಆಕ್ಸಿಮೀಟರನ್ನು ಹಾಕಿ ನೋಡಿದಾಗ ಅಂಕೆ ತೊಂಬತ್ತಕ್ಕಿಂತ ಕೆಳಗಿತ್ತು. ಆ ರಾತ್ರಿಯೆಲ್ಲ ಹಾಸಿಗೆಗಾಗಿ ಅಲೆದಳು. ಅವರು ಬದುಕಿ ಮನೆಗೆ ಬಂದರು; ಆದರೆ ಹಿಂದಿನ ಉಸಿರು ಮರಳಿ ಬರಲಿಲ್ಲ. ಚಹವು ಅವರಿಗೆ ಕೇಡು ಮಾಡಲಿಲ್ಲ. ಅದರ ಮೇಲಣ ನಂಬಿಕೆಯು ನಾಲ್ಕು ದಿನಗಳನ್ನು ಕಸಿದುಕೊಂಡಿತು.

ಆದುದರಿಂದ, ಸೋದರಿಯರೇ, ಹಸುರು ಚಹ ರುಚಿಸಿದರೆ ಸಂತೋಷದಿಂದ ಕುಡಿಯಿರಿ. ಊಟಕ್ಕೂ ಅದಕ್ಕೂ ಒಂದು ಗಂಟೆಯ ಅಂತರವಿರಲಿ. ಅದನ್ನು ಲಸಿಕೆಯ ಸ್ಥಾನದಲ್ಲಿಯೂ ವೈದ್ಯರ ಸ್ಥಾನದಲ್ಲಿಯೂ ಇಡಬೇಡಿರಿ. ಮುಂದೆ ಮತ್ತಾವುದಾದರೂ ಎಲೆ, ಬೇರು, ಪುಡಿಯ ಕೀರ್ತಿ ನಿಮ್ಮ ಮನೆಗೆ ಬಂದಾಗ, ಇದು ಬಟ್ಟಲಿನಲ್ಲಿ ಕಂಡುದೋ, ರೋಗಿಗಳಲ್ಲಿ ಪರೀಕ್ಷಿಸಿ ಕಂಡುದೋ ಎಂದು ಕೇಳಿರಿ. ಹೀಗೆ ಕೇಳುವುದನ್ನು ನಿಮ್ಮ ಹೆಣ್ಣುಮಕ್ಕಳಿಗೂ ಕಲಿಸಿರಿ.