ಹೊಸೂರಿನ ಮೇಲೆ ಬೀಳುವ ಹಿಮ

ಜನವರಿಯ ಕೊನೆಯಿಂದ ಮಾರ್ಚ್‌ವರೆಗಿನ ದಿನಗಳಲ್ಲಿ ಹೊಸೂರು, ತಳಿ, ದೆಂಕಣಿಕೋಟೆ, ಕೃಷ್ಣಗಿರಿಗಳ ಹವಾಮಾನಾಸಕ್ತರು ಮುನ್ಸೂಚನೆಯ ನಕ್ಷೆಗಳಲ್ಲಿ ಮುಖ್ಯವಾಗಿ ಎರಡು ಸಂಗತಿಗಳನ್ನು ಹುಡುಕುತ್ತಾರೆ: ಮುಗಿಯುತ್ತಿರುವ ಚಳಿಗಾಲದಲ್ಲಿ ಇನ್ನೊಮ್ಮೆ ಉಷ್ಣಾಂಶ ಕುಸಿದೀತೇ ಎಂಬುದು ಒಂದು; ಮಾವಿನ ಹೊಯ್ಲು ಎಂದು ಕರೆಯಲಾಗುವ, ಮುಂಗಾರಿಗೆ ಮುಂಚಿನ ಗುಡುಗುಮಳೆ ಯಾವಾಗ ಬಂದೀತು, ಬರುವಾಗ ಆಲಿಕಲ್ಲನ್ನೂ ತಂದೀತೇ ಎಂಬುದು ಇನ್ನೊಂದು. ಈ ಎರಡರ ನಡುವೆ, ಇಷ್ಟು ಎತ್ತರದ ಊರಿನಲ್ಲಿ ಹಿಮ ಏಕೆ ಬೀಳುವುದಿಲ್ಲ ಎಂಬ ಪ್ರಶ್ನೆಯೂ ಏಳುತ್ತದೆ. ಅದಕ್ಕೆ ವಾಡಿಕೆಯಾಗಿ ಸಿಗುವ 'ಅಷ್ಟು ಚಳಿ ಇಲ್ಲ' ಎಂಬ ಉತ್ತರ ತಪ್ಪಲ್ಲವಾದರೂ, ಕುತೂಹಲದ ಭಾಗವನ್ನೆಲ್ಲ ಅದು ಬಿಟ್ಟುಬಿಡುತ್ತದೆ. ಏಕೆಂದರೆ ಹೊಸೂರಿನ ಮೇಲೆ ಹಿಮ ಬೀಳುತ್ತದೆ, ನೆಲ ಮುಟ್ಟುವುದಿಲ್ಲ ಅಷ್ಟೆ.

ಮೊದಲು ಮೂರು ವಸ್ತುಗಳನ್ನು ಬೇರ್ಪಡಿಸಿಕೊಳ್ಳಬೇಕು. ಮೋಡದೊಳಗಿನ ನೀರಾವಿ ದ್ರವವಾಗದೆ ನೇರವಾಗಿ ಹರಳುಗಟ್ಟಿ, ಹರಳುಗಳು ಒಂದಕ್ಕೊಂದು ತೊಡರಿಕೊಂಡು ಬೀಳುವುದು ಹಿಮ. ಗುಡುಗುಮೋಡದಲ್ಲಿ ನೀರಹನಿಗಳು ಮಂಜುಗಡ್ಡೆಯ ತುಣುಕಿಗೆ ಅಂಟಿ ಹೆಪ್ಪುಗಟ್ಟಿ ಬೆಳೆಯುವುದು ಆಲಿಕಲ್ಲು. ಮೋಡವಿಲ್ಲದ ರಾತ್ರಿ ನೆಲ ತನ್ನ ಶಾಖವನ್ನು ಬಾನಿಗೆ ಚೆಲ್ಲಿ ತಣಿದಾಗ, ಹುಲ್ಲಿನ ಮೇಲೆಯೇ ಹರಳುಗಟ್ಟುವುದು ಹೆಪ್ಪುಗಟ್ಟಿದ ಇಬ್ಬನಿ. ಊಟಿಯಲ್ಲಿ ಹಿಮ ಬಿದ್ದಿತೆಂದು ಪ್ರತಿ ಚಳಿಗಾಲದಲ್ಲೂ ಹರಿದಾಡುವ ಚಿತ್ರಗಳಲ್ಲಿ ಕಾಣುವ ಬಿಳುಪು ಸಾಮಾನ್ಯವಾಗಿ ಈ ಮೂರನೆಯದು. ಅದು ಮೇಲಿನಿಂದ ಬಿದ್ದದ್ದಲ್ಲ, ಇದ್ದಲ್ಲೇ ಮೂಡಿದ್ದು.

ಗಾಳಿಯ ಉಷ್ಣಾಂಶ ಪ್ರತಿ ಕಿ.ಮೀ. ಎತ್ತರಕ್ಕೆ ಸರಾಸರಿ 6.5 ಡಿಗ್ರಿಯಷ್ಟು ಇಳಿಯುತ್ತದೆ. ದಕ್ಷಿಣ ಭಾರತದ ಮೇಲೆ ಉಷ್ಣಾಂಶ ಸೊನ್ನೆ ಮುಟ್ಟುವ ಮಟ್ಟ ಸಮುದ್ರಮಟ್ಟದಿಂದ ಸುಮಾರು 4.5ರಿಂದ 5 ಕಿ.ಮೀ. ಎತ್ತರದಲ್ಲಿದೆ, ದಕ್ಷಿಣದ ಅತ್ಯುನ್ನತ ಶಿಖರವಾದ ಆನೆಮುಡಿಯ ಎತ್ತರ 2,695 ಮೀಟರ್, ಹೊಸೂರಿನದು ಸುಮಾರು 900 ಮೀಟರ್. ಹೆಚ್ಚುಕಡಿಮೆ ಇದೇ ಎತ್ತರದಲ್ಲಿರುವ ಪಕ್ಕದ ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಕನಿಷ್ಠ ಉಷ್ಣಾಂಶ, 1884ರ ಜನವರಿ 13ರ 7.8 ಡಿಗ್ರಿ ಸೆಲ್ಸಿಯಸ್. ದಾಖಲೆಯ ಚಳಿಯೂ ಸೊನ್ನೆಯಿಂದ ಎಂಟು ಡಿಗ್ರಿ ದೂರದಲ್ಲೇ ನಿಂತಿತೆಂದ ಮೇಲೆ, ನೆಲದ ಮೇಲಿನ ಹಿಮದ ಆಸೆಯನ್ನು ಇಲ್ಲಿಗೇ ಬಿಡುವುದು ಒಳ್ಳೆಯದು.

ಆದರೆ ಗುಡುಗುಮೋಡದ ತಲೆ ಹತ್ತು ಕಿ.ಮೀ.ಗೂ ಮೀರಿ ಏರುವುದರಿಂದ, ಅದರ ಬಹುಭಾಗ ಸೊನ್ನೆಯ ಗೆರೆಯಿಂದ ಮೇಲೆಯೇ ಇರುತ್ತದೆ. ಅಲ್ಲಿನ ನೀರಹನಿಗಳೆಲ್ಲ ಕೂಡಲೇ ಗಡ್ಡೆಕಟ್ಟುವುದಿಲ್ಲ. ಹರಳಿಗೆ ಆಸರೆಯಾಗುವ ಕಣ ಸಿಗದಿದ್ದರೆ ಸೊನ್ನೆಗಿಂತ ಬಹಳ ಕೆಳಗೂ ಅವು ದ್ರವವಾಗಿಯೇ ಉಳಿಯುತ್ತವೆ. ಇದನ್ನು ಅತಿಶೀತಲ ನೀರು ಎನ್ನುತ್ತಾರೆ. ಇಂಥ ಹನಿಗಳ ನಡುವೆ ಒಂದು ಹಿಮದ ಹರಳು ಹುಟ್ಟಿದರೆ, ಹನಿಗಳಿಂದ ಆರಿದ ಆವಿಯನ್ನು ಹರಳು ಸೆಳೆದುಕೊಂಡು ಕೊಬ್ಬುತ್ತದೆ, ಹನಿಗಳು ಸೊರಗುತ್ತವೆ. ಸ್ವೀಡನ್ನಿನ ಹವಾಮಾನ ವಿಜ್ಞಾನಿ ಟೋರ್ ಬೆರ್ಗೆರಾನ್ 1930ರ ದಶಕದಲ್ಲಿ ಮಳೆ ಹುಟ್ಟುವ ಬಗೆಯನ್ನು ವಿವರಿಸಿದ್ದು ಈ ದಾರಿಯಲ್ಲಿ. ಜೂನ್-ಜುಲೈಗಳ ಸೋನೆಮಳೆ ಹನಿಗೆ ಹನಿ ಕೂಡಿಯೇ ಆಗಬಹುದಾದರೂ, ಗುಡುಗುಮಳೆಯ ದಪ್ಪ ಹನಿಗಳಲ್ಲಿ ಬಹಳಷ್ಟು ಹಿಮವಾಗಿಯೋ ಗಡ್ಡೆಯಾಗಿಯೋ ಹೊರಟು ದಾರಿಯಲ್ಲಿ ಕರಗಿದವು. ಶೂಲಗಿರಿಯ ಹೊಲದಲ್ಲಿ ನೆನೆದವರ ಮೇಲೆ ಬಿದ್ದದ್ದು ಹಲವು ಬಾರಿ ಹಿಮದ ನೀರೇ!

ಹಾಗಾದರೆ ಆಲಿಕಲ್ಲು ನೆಲ ಮುಟ್ಟುವುದು ಹೇಗೆ? ಇದು ಚಳಿಗಿಂತ ಹೆಚ್ಚಾಗಿ ವೇಗದ ಲೆಕ್ಕ. ಸೊನ್ನೆಯ ಗೆರೆಯಿಂದ ಹೊಸೂರಿನ ನೆಲಕ್ಕೆ ಕನಿಷ್ಠ 3.6 ಕಿ.ಮೀ. ಎಂದುಕೊಂಡರೆ, ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ತೇಲಿಳಿಯುವ ಹಿಮದ ಪಕಳೆಗೆ ಒಂದು ತಾಸು ಬೇಕು, ಬೆಚ್ಚನೆಯ ಗಾಳಿಯಲ್ಲಿ ಕೆಲವು ನೂರು ಮೀಟರ್ ಇಳಿಯುವಷ್ಟರಲ್ಲೇ ಅದು ಮುಗಿದಿರುತ್ತದೆ. ಎರಡು ಸೆಂಟಿಮೀಟರ್ ಅಡ್ಡಳತೆಯ ಆಲಿಕಲ್ಲು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಬೀಳುವುದರಿಂದ, ಮೂರು ನಿಮಿಷಗಳಲ್ಲಿ ನೆಲದ ಮೇಲಿರುತ್ತದೆ. ಪ್ರಸ್ಥಭೂಮಿಯ ಎತ್ತರ ಇಲ್ಲಿ ನೆರವಿಗೆ ಬರುತ್ತದೆ: ಚೆನ್ನೈಯಲ್ಲಿ ಬೀಳಬೇಕಾದ ಕಲ್ಲು ಇನ್ನೂ ಸುಮಾರು 900 ಮೀಟರ್ ಬಿಸಿಗಾಳಿಯನ್ನು ದಾಟಬೇಕು, ಚಿಕ್ಕದಾದರೆ ಉಳಿಯುವುದಿಲ್ಲ. ಒಳನಾಡಿನ ಒಣಗಾಳಿಯಲ್ಲಿ ಕಲ್ಲಿನ ಮೈಯ ನೀರು ಬೇಗನೆ ಆರಿ ಅದನ್ನು ತಂಪಾಗಿಡುವುದೂ ಒಂದು ಅನುಕೂಲ.

ಜನರು ಎಡವುವ ಜಾಗ ಇನ್ನೊಂದಿದೆ. ಗಡ್ಡೆ ಬಿದ್ದಿತೆಂದರೆ ವಾತಾವರಣ ತಣ್ಣಗಾಗಿತ್ತೆಂದು ಅವರು ಊಹಿಸುತ್ತಾರೆ. ವಾಸ್ತವದಲ್ಲಿ ಆಲಿಕಲ್ಲಿಗೆ ಬೇಕಾದದ್ದು ನೆಲದ ಬಿಸಿ. ಅಷ್ಟು ತೂಕದ ಕಲ್ಲನ್ನು ಬೆಳೆಯುವವರೆಗೂ ಎತ್ತಿಹಿಡಿಯಲು ಮೇಲ್ಮುಖ ಗಾಳಿಯ ವೇಗವೂ ಅದು ಬೀಳುವ ವೇಗದಷ್ಟೇ ಇರಬೇಕು. ಜನವರಿಯ ಒಣ, ನಿಶ್ಚಲ ಗಾಳಿಯಲ್ಲಿ ಅಂಥ ಎತ್ತುವ ಬಲವಿಲ್ಲ. ಮಾರ್ಚ್‌ನಿಂದ ಮೇವರೆಗೆ, ಬಂಗಾಳ ಕೊಲ್ಲಿಯ ತೇವಗಾಳಿ ಒಳನಾಡಿನ ಒಣಗಾಳಿಯನ್ನು ಸಂಧಿಸುವ ಗೆರೆಯುದ್ದಕ್ಕೂ ಮಧ್ಯಾಹ್ನದ ಬಿಸಿಲು ಅದನ್ನು ಒದಗಿಸುತ್ತದೆ. ಆಲಿಕಲ್ಲು ಬೇಸಿಗೆಯ ಫಸಲು.

ಕಲ್ಲನ್ನು ಕತ್ತರಿಸಿದಾಗ ಈರುಳ್ಳಿಯಂತೆ ಕಾಣುವ ಬಿಳಿ ಮತ್ತು ಪಾರದರ್ಶಕ ಪದರಗಳ ಬಗ್ಗೆಯೂ ಒಂದು ಹಳೆಯ ವಿವರಣೆ ಪುಸ್ತಕದಿಂದ ಪುಸ್ತಕಕ್ಕೆ ಸಾಗಿಬಂದಿದೆ. ಕಲ್ಲು ಮೋಡದಲ್ಲಿ ಮೇಲೆ ಕೆಳಗೆ ಎಷ್ಟು ಬಾರಿ ಓಡಾಡಿತೋ ಅಷ್ಟು ಪದರಗಳು ಎಂಬ ಈ ಲೆಕ್ಕ ಕೇಳಲು ಸೊಗಸಾಗಿದೆ, ಆದರೆ ನಿಲ್ಲುವುದಿಲ್ಲ. ಅಂಟಿದ ಹನಿ ಆ ಕ್ಷಣವೇ ಹೆಪ್ಪುಗಟ್ಟಿದರೆ ಗಾಳಿಗುಳ್ಳೆಗಳು ಒಳಗೆ ಸಿಕ್ಕಿಕೊಂಡು ಪದರ ಬೆಳ್ಳಗಾಗುತ್ತದೆ. ಹನಿಗಳು ಒತ್ತೊತ್ತಾಗಿ ಬಂದು, ಹೆಪ್ಪುಗಟ್ಟುವಾಗ ಬಿಡುಗಡೆಯಾಗುವ ಶಾಖ ಕಲ್ಲಿನ ಮೈಯನ್ನು ಒದ್ದೆಯಾಗಿಯೇ ಇರಿಸಿದರೆ, ನೀರು ಹರಡಿ ನಿಧಾನವಾಗಿ ಗಟ್ಟಿಯಾಗುವುದರಿಂದ ಗುಳ್ಳೆಗಳು ತಪ್ಪಿಸಿಕೊಂಡು ಗಾಜಿನಂಥ ಪದರ ಮೂಡುತ್ತದೆ. ಮೋಡದೊಳಗೆ ಒಂದೇ ಬಾರಿ ಅಡ್ಡಹಾಯುವಾಗಲೂ ನೀರು ದಟ್ಟವಾದ ಮತ್ತು ವಿರಳವಾದ ವಲಯಗಳು ಸಿಗುವುದರಿಂದ ಹಲವು ಪದರಗಳಾಗಬಹುದು; ಪದರ ಹೇಳುವುದು ಸಂದ ದಾರಿಯ ಗುಣವನ್ನು, ಸುತ್ತುಗಳ ಸಂಖ್ಯೆಯನ್ನಲ್ಲ.

ಮುನ್ಸೂಚನೆಗೆ ಬಂದರೆ ಸ್ವಲ್ಪ ವಿನಯ ಬೇಕಾಗುತ್ತದೆ. ಆಸಕ್ತರು ಮೊಬೈಲಿನಲ್ಲಿ ನೋಡುವ ಅಮೆರಿಕದ ಜಿಎಫ್‌ಎಸ್, ಯುರೋಪಿನ ಇಸಿಎಂಡಬ್ಲ್ಯೂಎಫ್ ಮಾದರಿಗಳು ಭೂಮಿಯನ್ನು ಸುಮಾರು 9ರಿಂದ 13 ಕಿ.ಮೀ. ಚೌಕಗಳಾಗಿ ವಿಂಗಡಿಸಿ ಲೆಕ್ಕ ಹಾಕುತ್ತವೆ; ಆಲಿಕಲ್ಲಿನ ಪಟ್ಟಿಯ ಅಗಲ ಕೆಲವೇ ಕಿ.ಮೀ. ಕೆಲಮಂಗಲದ ಒಂದು ತೋಟ ಚಿಂದಿಯಾಗಿ ಪಕ್ಕದ ಹಳ್ಳಿ ಒಣಗಿಯೇ ಉಳಿಯುವುದನ್ನು ಅವು ಹೇಳಲಾರವು. ಚೆನ್ನೈಯ ಡಾಪ್ಲರ್ ರಾಡಾರ್ ಇಲ್ಲಿಂದ ಸುಮಾರು 270 ಕಿ.ಮೀ. ದೂರದಲ್ಲಿದೆ, ಭೂಮಿ ದುಂಡಗಿರುವುದರಿಂದ ಅದರ ಅತಿ ಕೆಳಗಿನ ಕಿರಣವೂ ಹೊಸೂರಿಗೆ ಬರುವಷ್ಟರಲ್ಲಿ ಆರು ಕಿ.ಮೀ. ಮೇಲಿರುತ್ತದೆ. ಅದಕ್ಕೆ ಕಾಣುವುದು ಮೋಡದ ಮೇಲರ್ಧ ಮಾತ್ರ.

ಈ ಕೊರತೆಯನ್ನು ನೆಲದ ಮೇಲಿನ ವೀಕ್ಷಕರೇ ತುಂಬಬೇಕು. ಮಾವು ಮಿಡಿಕಟ್ಟಿದ ಹೊತ್ತಿನಲ್ಲಿ ಬೀಳುವ ಆಲಿಕಲ್ಲಿನಿಂದ ಕೃಷ್ಣಗಿರಿಯ ತೋತಾಪುರಿ ತೋಟಗಳಿಗೂ ಹೊಸೂರಿನ ಗುಲಾಬಿಯ ಪಾಲಿಹೌಸ್‌ಗಳಿಗೂ ಆಗುವ ನಷ್ಟವನ್ನು ನೆನೆದರೆ, ಇದು ಬರಿಯ ಹವ್ಯಾಸವಲ್ಲ. ಥರ್ಮಾಕೋಲ್ ಹಲಗೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಬಯಲಿನಲ್ಲಿಟ್ಟರೆ, ಬಿದ್ದ ಕಲ್ಲುಗಳ ಗಾತ್ರ ಮತ್ತು ಸಂಖ್ಯೆ ತಗ್ಗುಗಳಾಗಿ ದಾಖಲಾಗುತ್ತವೆ. ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ಈ ವಿಧಾನಕ್ಕೆ ಶಾಲೆಯೊಂದರ ಮಾಳಿಗೆ ಸಾಕು. ಈ ಭಾಗದ ಹಳ್ಳಿಗಳ ಶಾಲೆಗಳಲ್ಲಿ ಇಂಥ ಹಲಗೆಗಳಿದ್ದು, ಕಲ್ಲು ಬೀಳತೊಡಗಿದ ಮತ್ತು ನಿಂತ ಹೊತ್ತನ್ನು ಬರೆದಿಟ್ಟರೆ, ಯಾವ ಗಾಳಿ ಯಾವ ದಾರಿಯಲ್ಲಿ ಕಲ್ಲು ತರುತ್ತದೆಂಬ ನಕ್ಷೆ ಕೆಲವು ವರ್ಷಗಳಲ್ಲಿ ಸಿದ್ಧವಾದೀತು. ಗುಡುಗು ಕೇಳಿಬಂದೂ ಕಲ್ಲು ಬೀಳದ ದಿನಗಳನ್ನೂ ಅದೇ ಪುಸ್ತಕದಲ್ಲಿ ತಪ್ಪದೆ ನಮೂದಿಸಬೇಕು. ಅವಿಲ್ಲದೆ ಯಾವ ಮುನ್ಸೂಚನೆಯನ್ನೂ ಒರೆಗೆ ಹಚ್ಚಲಾಗದು.