ಬಾವಿಯ ಮೀನು, ತೋಟದ ಬುರುಡೆ

ಮಲೇರಿಯಾ ಎಂದಕೂಡಲೇ ಚರಂಡಿಯ ಕಡೆ ಬೆರಳು ತೋರಿಸುವುದು ನಮಗೆ ರೂಢಿ. ಆದರೆ ಬಯಲುಸೀಮೆಯ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಕ್ಯುಲಿಸಿಫೇಸಿಸ್ ಸೊಳ್ಳೆಗೆ ಬೇಕಾದದ್ದು ತಿಳಿನೀರು. ನೋಡಲು ಒಂದೇ ಥರ ಇರುವ ಈ ಸೊಳ್ಳೆಯೊಳಗೂ ಹಲವು ಒಳಜಾತಿಗಳಿವೆ. ರೋಗ ಸಾಗಿಸುವುದರಲ್ಲಿ ‘ಎ’ ಚುರುಕು, ‘ಬಿ’ ಮಂದ. ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆಯ ಬೆಂಗಳೂರು ಘಟಕದ ಸುಶಾಂತ ಕುಮಾರ್ ಘೋಷ್ ಮತ್ತು ಸಂಗಡಿಗರು ಕರ್ನಾಟಕದ ಹಳ್ಳಿಗಳಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳು ಇಲ್ಲಿದೆ: ಬಾವಿಗೆ ಸೊಳ್ಳೆಮರಿ ತಿನ್ನುವ ಮೀನು ಬಿಟ್ಟರೆ ಪೆಟ್ಟು ಬೀಳುವುದು ಈ ‘ಎ’ಗೇ. ಊರಿನ ಸೊಳ್ಳೆಗಳನ್ನೆಲ್ಲ ಕೊಲ್ಲಲು ಹೊರಡಬೇಕಿಲ್ಲ, ಯಾವ ನೀರಿನಲ್ಲಿ ಯಾವ ಸೊಳ್ಳೆ ಎಂದು ತಿಳಿದರೆ ಸಾಕು. ಇದೇ ತಂಡ 2001ರ ಡಿಸೆಂಬರ್‌ನಲ್ಲಿ ರಾಜ್ಯದ ಮಲೇರಿಯಾಪೀಡಿತ ಜಿಲ್ಲೆಯೊಂದರಲ್ಲಿ ಎರಡು ವಾರ ಕಲಾಜಾಥಾ ಆಡಿಸಿ, ಎರಡು ತಿಂಗಳ ಮೇಲೆ ಪರಿಣಾಮ ಅಳೆಯಿತು. ನೋಡಿದವರಿಗೆ ತಿಳಿವಳಿಕೆ ಬಂದಿತ್ತು, ಮೀನು ಬಿಡಲೂ ಜನ ಕೈಜೋಡಿಸಿದರು. ಆದರೆ ದಿನನಿತ್ಯದ ನೈರ್ಮಲ್ಯ ಎಣಿಸಿದಷ್ಟು ಸುಧಾರಿಸಲಿಲ್ಲ. ನನಗೆ ಈ ಎರಡನೆಯ ಫಲಿತಾಂಶವೇ ಮುಖ್ಯ. ಮೀನು ಒಮ್ಮೆ ಬಿಟ್ಟರೆ ತಾನೇ ಮರಿಹಾಕಿ ಕೆಲಸ ಮಾಡುತ್ತದೆ, ಜನರ ಅಭ್ಯಾಸ ಬದಲಾಗುವವರೆಗೆ ಕಾಯುವುದಿಲ್ಲ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಗೆ ಈ ಪಾಠವನ್ನು ಹಾಗೇ ಅಂಟಿಸಲಾಗದು. ತೆರೆದ ಬಾವಿಗಳ ಜಾಗಕ್ಕೆ ಬೋರ್‌ವೆಲ್ ಬಂದಿದೆ. ಕರೆಂಟ್ ಇದ್ದಾಗ ತುಂಬಿಸಿಡುವ ತೊಟ್ಟಿಯಲ್ಲಿ, ಎಳನೀರು ಕುಡಿದು ಎಸೆದ ಬುರುಡೆಯಲ್ಲಿ, ಇಲಿ ಕೊರೆದು ಉದುರಿದ ಕಾಯಿಯಲ್ಲಿ ಡೆಂಗಿಯ ಈಡಿಸ್ ಸೊಳ್ಳೆಗೆ ಮನೆ ಸಿಗುತ್ತದೆ. ಹಗಲು ಕಚ್ಚುವ ಈ ಸೊಳ್ಳೆಗೆ ಬುರುಡೆಯ ತಳದ ಒಂದು ಲೋಟ ಮಳೆನೀರೇ ಧಾರಾಳ. ಒಳಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಮುಂದಿನ ಮಳೆಗೆ ಒಡೆಯುತ್ತದೆ. ಹೊಗೆ ಹೊಡೆಸಿದರೆ ಸಾಲದೇ ಎನ್ನುವವರಿಗೆ ಉತ್ತರ ಇದೇ: ಹೊಗೆಗೆ ಸಾಯುವುದು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆ ಮಾತ್ರ. ಮೀನೂ ಎಲ್ಲ ಕಡೆಗಲ್ಲ. 1928ರಲ್ಲಿ ಬಿ.ಎ. ರಾವ್ ಎಂಬವರು ಇಟಲಿಯಿಂದ ತರಿಸಿದ ಗ್ಯಾಂಬೂಸಿಯಾ ಮೀನು ಸೊಳ್ಳೆಮರಿಯ ಜೊತೆಗೆ ನಾಡಮೀನಿನ ಮರಿ, ಕಪ್ಪೆಮೊಟ್ಟೆಯನ್ನೂ ತಿನ್ನುತ್ತದೆಂಬ ಆಕ್ಷೇಪ ನಿಜ. ಅದನ್ನು ಕೆರೆಗೆ ಬಿಡುವುದು ತಪ್ಪು. ತೋಟದ ಸಿಮೆಂಟ್ ತೊಟ್ಟಿಗೆ ಗಪ್ಪಿ ಮೀನು ಸಾಕು.

ಇನ್ನು, ಸಾವಿರಾರು ಕಾಯಿ ಸುಲಿಯುವ ರೈತನಿಗೆ ಒಂದೊಂದು ಚಿಪ್ಪನ್ನೂ ಬೋರಲು ಹಾಕಲಾದೀತೇ? ಹಾಕಬೇಕಿಲ್ಲ. ಉಂಡೆ ಕೊಬ್ಬರಿಗಾಗಿ ಒಡೆದ ಚಿಪ್ಪು ಚೂರಾಗಿರುತ್ತದೆ, ನೀರು ನಿಲ್ಲುವುದು ಕಡಿಮೆ. ಇದ್ದಿಲಿಗೆ ಮಾರಾಟವಾಗುವುದರಿಂದ ಅಂಗಳದಲ್ಲಿ ಬಹಳ ದಿನ ಉಳಿಯುವುದೂ ಇಲ್ಲ. ಬೆಲೆಯಿಲ್ಲದ ಬುರುಡೆಯೇ ಬೇಲಿಯ ಪಕ್ಕ ಮಳೆಗಾಲ ಕಳೆಯುವುದು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಹಳ್ಳಿಮನೆಗೆ 200 ರೂಪಾಯಿ ದಂಡ ಇಟ್ಟಿತು. ಆ ದಂಡ ವಸೂಲಿಗೆ ಮನೆಮನೆ ಅಲೆಯುವ ಬದಲು ಪಂಚಾಯಿತಿಗಳು ಮುಂಗಾರಿಗೆ ಮೊದಲು ಎಳನೀರು ಅಂಗಡಿ, ತೋಟದ ಬದುಗಳಿಗೆ ಒಂದು ಟ್ರ್ಯಾಕ್ಟರ್ ಕಳಿಸಿ ಬುರುಡೆ ತುಂಬಿಸಲಿ.