ಬೆಳಕಿಗೆ ಶ್ರುತಿ ಕೂಡಿಸುವ ಲೇಪ

ಗೋಲಗುಮ್ಮಟದ ಗೋಡೆಗುಂಟ ಪಿಸುಮಾತು ಓಡುವಂತೆ ಬೆಳಕನ್ನೂ ಓಡಿಸಬಹುದೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಎಂಥ ಒಳ್ಳೆಯ ಪ್ರಶ್ನೆ! ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ಲಿನಲ್ಲಿ ದನಿ ಬಾಗಿದ ಗೋಡೆಗೆ ಆತುಕೊಂಡೇ ಸಾಗುತ್ತದೆಂದು ತೋರಿಸಿಕೊಟ್ಟವನು ಲಾರ್ಡ್ ರೇಲಿ. ನಮ್ಮ ಸಿ.ವಿ. ರಾಮನ್ 1922ರಲ್ಲಿ ವಿಜಯಪುರದ ಗುಮ್ಮಟವನ್ನೂ ಅದೇ ಕಿವಿಯಿಂದ ಆಲಿಸಿ ಬರೆದರು.

ಬೆಳಕಿಗೆ ಬೇಕಾದ ಗುಮ್ಮಟ ತೀರ ಪುಟ್ಟದು. ಆಪ್ಟಿಕಲ್ ಫೈಬರಿನ ತುದಿಯನ್ನು ಕರಗಿಸಿದರೆ ಗಾಜು ಮೇಲ್ಮೈ ಸೆಳೆತಕ್ಕೆ ತಾನಾಗಿಯೇ ದುಂಡಗಾಗುತ್ತದೆ. ಕೂದಲಿನಷ್ಟೇ ದಪ್ಪದ ಆ ಗೋಲಿಯೊಳಗೆ ಬೆಳಕು ಹತ್ತಾರು ಸಾವಿರ ಸುತ್ತು ಹಾಕಬಲ್ಲದು. ಆದರೆ ಸುತ್ತಳತೆಗೆ ಸರಿಯಾಗಿ ಕೂರುವ ತರಂಗಾಂತರಗಳಿಗೆ ಮಾತ್ರ ಅಲ್ಲಿ ಜಾಗ; ಹಾಗೆ ಕೂರುವುದೇ ಅನುರಣನ.

ಬೆಳಕನ್ನು ಹೀಗೆ ಒಳಗೇ ಸುತ್ತಿಸುವುದು ಸಂಪೂರ್ಣ ಆಂತರಿಕ ಪ್ರತಿಫಲನ. ಹಾಗೆಂದೊಡನೆ ಬೆಳಕು ಗಾಜಿನ ಅಂಚಿನಲ್ಲೇ ತಟಕ್ಕನೆ ತಿರುಗಿಬಿಡುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಪಠ್ಯಪುಸ್ತಕದ ಚೂಪು ಗೆರೆಗಳೇ ಈ ತಪ್ಪಿನ ಮೂಲ. ಆ ಚಿತ್ರಗಳನ್ನು ತಿದ್ದಲೇಬೇಕು. ನಿಜದಲ್ಲಿ ಬೆಳಕಿನ ಅಲೆ ಗಾಜಿನಾಚೆಗೂ ಕೆಲವು ನೂರು ನ್ಯಾನೋಮೀಟರ್ ಚಾಚಿಕೊಂಡಿರುತ್ತದೆ. ಹೊರಗೆ ಬಳಿದದ್ದು ಒಳಗೆ ಸುತ್ತುವ ಬೆಳಕಿಗೆ ತಿಳಿಯುವುದು ಹೀಗೆ.

ಲೆಕ್ಕ ಹಾಕಿ ನೋಡಿ. 50 ಮೈಕ್ರೋಮೀಟರ್ ತ್ರಿಜ್ಯದ ಗೋಲಿಗೆ ಅದೇ ಗಾಜನ್ನು 1 ನ್ಯಾನೋಮೀಟರ್ ಲೇಪಿಸಿದರೆ ಅಳತೆ ಹಿಗ್ಗುವುದು 50,000ದಲ್ಲಿ ಒಂದು ಪಾಲು. 1550 ನ್ಯಾನೋಮೀಟರಿನ ಅನುರಣನ ಸುಮಾರು 0.03 ನ್ಯಾನೋಮೀಟರ್ ಸರಿಯುತ್ತದೆ. ಅತ್ಯಲ್ಪವೇ? ಒಳ್ಳೆಯ ಗೋಲಿಯಲ್ಲಿ ಅನುರಣನದ ಗೆರೆಯ ಅಗಲವೇ 0.00002 ನ್ಯಾನೋಮೀಟರಿನ ಆಸುಪಾಸು. ಅಂದರೆ ಗೆರೆ ತನ್ನ ಅಗಲದ ಸಾವಿರಕ್ಕೂ ಹೆಚ್ಚು ಪಟ್ಟು ದೂರ ಹೋಯಿತು! ಮೃದಂಗದ ಎಡಮುಖಕ್ಕೆ ಕಲಸಿದ ರವೆ ಮೆತ್ತಿದಾಗ ನಾದ ತಗ್ಗುವಂತೆ ಇಲ್ಲಿಯೂ ಆವೃತ್ತಿ ತಗ್ಗುತ್ತದೆ. 2002ರಲ್ಲಿ ಫ್ರಾಂಕ್ ವೋಲ್ಮರ್, ಸ್ಟೀಫನ್ ಅರ್ನಾಲ್ಡ್ ಮತ್ತು ಸಂಗಡಿಗರು ಗೋಲಿಗೆ ಅಂಟಿದ ಪ್ರೋಟೀನನ್ನು ಪತ್ತೆಹಚ್ಚಿದ್ದು ಈ ಸರಿತದಿಂದಲೇ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಶಾಖದ ಕಾಟಕ್ಕೆ ಕಂಡುಕೊಂಡ ಮದ್ದು. ಸಿಲಿಕಾ ಗಾಜು ಬಿಸಿಯಾದರೆ ಅದರ ವಕ್ರೀಭವನ ಸೂಚ್ಯಂಕ ಏರಿ, ಕೂಡಿಸಿದ ಶ್ರುತಿ ಕೆಡುತ್ತದೆ. ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರಿನದು ತದ್ವಿರುದ್ಧ ಗುಣ: ಬಿಸಿಯಾದಷ್ಟೂ ಸೂಚ್ಯಂಕ ಇಳಿಯುತ್ತದೆ, ಅದೂ ಗಾಜಿಗಿಂತ ಸುಮಾರು ಹತ್ತು ಪಟ್ಟು ಜೋರಾಗಿ. ಹಾಗಾಗಿ ತೆಳು ಪದರವೇ ಸಾಕು. 2008ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಲಾನ್ ಯಾಂಗ್ ತಂಡ ಉಂಗುರದಾಕಾರದ ಅನುರಣಕಕ್ಕೆ ಅದನ್ನು ಹದವಾಗಿ ಬಳಿದು ಎರಡೂ ಪರಿಣಾಮ ಒಂದನ್ನೊಂದು ಅಳಿಸುವಂತೆ ಮಾಡಿತು. ಪದರ ಹದ ಮೀರಿ ದಪ್ಪವಾದರೆ ರಬ್ಬರಿನದೇ ಮೇಲುಗೈ. ಆಗ ಬಿಸಿಯೇರಿದಂತೆ ಅನುರಣನ ಕೆಂಪಿನ ಬದಲು ನೀಲಿಯ ಕಡೆಗೆ ಸರಿಯತೊಡಗುತ್ತದೆ.